ಬೇಕಲಕ್ಕೆ ಕ್ಯಾಸಿನೊ ಬೇಕಂತೆ!

ಗೋವಾದ ಹಾಗೆ ನಮ್ಮ ಬೇಕಲದಲ್ಲೂ ಒಂದು ಕ್ಯಾಸಿನೊ ಬಂದರೆ ಕಾಸರಗೋಡು ಉದ್ಧಾರ ಆಗ್ತದೆ ಅನ್ನುವವರು ಈಗೀಗ ಜಾಸ್ತಿ ಆಗಿದ್ದಾರೆ. ಕೋಟೆ ಉಂಟು, ಕಡಲು ಉಂಟು, ರೆಸಾರ್ಟ್ ಉಂಟು, ಇನ್ನು ಜೂಜೊಂದು ಬಾಕಿ ಅಂತ ಅವರ ಲೆಕ್ಕ.

ಬಾಕಿ ಎಲ್ಲಿ ಉಂಟು ಮಾರಾಯ್ರೆ? ಕರ್ನಾಟಕದಿಂದ ತಲಪಾಡಿ ಗಡಿ ದಾಟಿ ಕೇರಳಕ್ಕೆ ಬಂದರೆ ಸಾಕು, ಲಾಟರಿ ಅಂಗಡಿ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು, ಹಾಗಾಗಿ ಮಂಗಳೂರು ಕಡೆಯವರೂ ಇಲ್ಲಿಗೇ ಬರ್ತಾರೆ. ಕೇರಳದಲ್ಲಿ 1967ರಲ್ಲಿ ಸರ್ಕಾರವೇ ಶುರು ಮಾಡಿದ ವ್ಯಾಪಾರ ಇದು. ಆಗ ಟಿಕೆಟಿಗೆ 1 ರೂಪಾಯಿ, ಮೊದಲ ಬಹುಮಾನ 50,000. ಈಗ ದಿನದ ಟಿಕೆಟಿಗೆ 50 ರೂಪಾಯಿ, ಬಹುಮಾನ 1 ಕೋಟಿ. ಓಣಂ ಹಬ್ಬದ ಬಂಪರ್ ಲಾಟರಿಗೆ 500 ಕೊಟ್ಟರೆ 25 ಕೋಟಿಯ ಆಸೆ.

ಮಧ್ಯಾಹ್ನ ಮೂರಕ್ಕೆ ತಿರುವನಂತಪುರದಲ್ಲಿ ಡ್ರಾ. ಅದಾದ ಮೇಲೆ ಉಪ್ಪಳದಲ್ಲೋ ಕುಂಬಳೆಯಲ್ಲೋ ಲಾಟರಿ ಅಂಗಡಿ ಹತ್ತಿರ ಸುಮ್ನೆ ನಿಂತು ನೋಡಿ. ಸಿಮೆಂಟು ಮೆತ್ತಿದ ಕೈಯಲ್ಲಿ ಟಿಕೆಟ್ ಹಿಡಿದು, ಕೊನೆಯ ನಾಲ್ಕು ಅಂಕೆ ಮೊಬೈಲಿನ ಪಟ್ಟಿಗೆ ತಾಳೆ ಹಾಕ್ತಿರ್ತಾರೆ. "ಛೆ, ಒಂದೇ ನಂಬರಲ್ಲಿ ಹೋಯ್ತು!" ಅಂದವರೇ ನಾಳೆಯದ್ದು ತಗೊಳ್ತಾರೆ. ಒಂದು ಅಂಕೆ ತಪ್ಪಿದರೂ ಸೊನ್ನೆ, ನಾಲ್ಕೂ ತಪ್ಪಿದರೂ ಸೊನ್ನೆ. ಆದರೆ ಆ "ಒಂದೇ ನಂಬರ್" ಉಂಟಲ್ಲ, ಅದೇ ಮರುದಿನ ಮತ್ತೆ ಅಲ್ಲಿಗೆ ಎಳೆದು ತರೋದು.

ಮಾರುವವರ ಮೇಲೆ ನನಗೆ ಸಿಟ್ಟಿಲ್ಲ. ಬೇರೆ ಕೆಲಸ ಮಾಡಲಾಗದ ಎಷ್ಟೋ ಮಂದಿಗೆ ಅದೇ ಅನ್ನ. ಕಾರುಣ್ಯ ಲಾಟರಿಯ ದುಡ್ಡಲ್ಲಿ ಬಡವರಿಗೆ ಚಿಕಿತ್ಸೆ ಸಿಕ್ಕಿದ್ದೂ ನಿಜ. ಆದರೆ ಆ ದುಡ್ಡು ಕೂಲಿಯವನ ಕಿಸೆಯಿಂದಲೇ ಯಾಕೆ ಬರಬೇಕು?

ಗೋವಾ ಗೋವಾ ಅನ್ನುವವರು ಒಂದು ವಿಷಯ ಹೇಳೋದೇ ಇಲ್ಲ. ಮಾಂಡೋವಿ ನದಿಯ ಆ ಕ್ಯಾಸಿನೊ ಹಡಗುಗಳಲ್ಲಿ ಜೂಜಾಡಲು 2020ರಿಂದ ಗೋವಾದವರಿಗೇ ಪ್ರವೇಶ ಇಲ್ಲ. ಹೊರಗಿನವರು ಬೇಕಾದಷ್ಟು ಕಳಕೊಳ್ಳಲಿ, ನಮ್ಮವರು ಬೇಡ! ಇದರಲ್ಲಿ ಕಪಟ ಉಂಟು, ಬಿಡಿ. ಆದರೂ ಇದು ಮನೆ ಹಾಳು ಮಾಡ್ತದೆ ಅಂತ ಆ ಸರ್ಕಾರಕ್ಕೆ ಗೊತ್ತುಂಟು ಅಂತಾಯ್ತಲ್ವಾ? ನಮ್ಮಲ್ಲಿ ಕೋಳಿ ಅಂಕದಲ್ಲಿ ಜೂಜು ಕಟ್ಟುವವರನ್ನು ಪೊಲೀಸರು ಗುಡ್ಡೆ ಹತ್ತಿಸಿ ಓಡಿಸ್ತಾರೆ. ದುಡ್ಡು ಕಟ್ಟುವ ಆನ್‌ಲೈನ್ ರಮ್ಮಿಗೆ 2025ರಲ್ಲಿ ಸಂಸತ್ತೇ ಕಾನೂನು ತಂದು ತಡೆ ಹಾಕಿತು. ಲಾಟರಿಗೆ ಮಾತ್ರ ಸರ್ಕಾರದ್ದೇ ಸೀಲು.

ಹಾಗಾಗಿ ಬೇಕಲದ ಕ್ಯಾಸಿನೊದವರಿಗೆ ನನ್ನ ಪ್ರಶ್ನೆ ಇಷ್ಟೇ. ಬಾಗಿಲಲ್ಲಿ ಆಧಾರ್ ನೋಡಿ ಕಾಸರಗೋಡಿನವರನ್ನು ವಾಪಸ್ ಕಳಿಸ್ತೀರಾ? ಹೌದು ಅಂದರೆ ಕೂತು ಮಾತಾಡುವ. ಅದಕ್ಕೂ ಮೊದಲು, ದಿನಾ ನಡೆಯುವ ಈ ಡ್ರಾವನ್ನು ವಾರಕ್ಕೊಂದು ಮಾಡಿ ಅಂತ ಸರ್ಕಾರವನ್ನು ಕೇಳಲು ನನ್ನ ಜೊತೆ ಯಾರೆಲ್ಲ ಇದ್ದೀರಿ ಹೇಳಿ.