75 ವರ್ಷದ ಪುರಾವೆ ಇರಬೇಕೆ, ಹೋಗಬೇಕೆ? ಮಲೆನಾಡಿನ ಅರಣ್ಯ ಹಕ್ಕು: ಪರ-ವಿರೋಧ

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಿಗೆ ಒಂದು ಅಳತೆ, ಉಳಿದ ಪಾರಂಪರಿಕ ಅರಣ್ಯವಾಸಿಗಳಿಗೆ ಇನ್ನೊಂದು. ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಭೂಮಿಯ ಸ್ವಾಧೀನದಲ್ಲಿದ್ದರೆ ಸಾಕು. ಉಳಿದವರು ಅದರ ಜೊತೆಗೆ, ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ನೆಲೆಸಿ ಅದನ್ನೇ ನೆಚ್ಚಿ ಬದುಕಿದ್ದನ್ನು ತೋರಿಸಬೇಕು. ಇದನ್ನು ಒಂದು ತಲೆಮಾರಿಗೆ, 25 ವರ್ಷಕ್ಕೆ ಇಳಿಸಿ ಎಂಬ ಕೂಗು ಶಿವಮೊಗ್ಗ ಜಿಲ್ಲೆಯಲ್ಲಿ ಹಳೆಯದು. ಇಳಿಸಬೇಕೆ?

ಪರ: ನೀರಿನಡಿ ಹೋದ ಊರಿನ ದಾಖಲೆ ಎಲ್ಲಿಂದ ತರೋಣ?

2005ರಿಂದ 75 ವರ್ಷ ಹಿಂದಕ್ಕೆ ಹೋದರೆ 1930. ಸಾಗರ ಸೀಮೆಯಲ್ಲಿ ಆಗ ಉಳುವವನ ಹೆಸರು ಯಾವ ಲೆಕ್ಕದ ಪುಸ್ತಕದಲ್ಲಿತ್ತು? ಭೂಮಿ ಒಡೆಯರದು, ಖಾತೆ ಒಡೆಯರದು, ಕಂದಾಯದ ರಸೀದಿಯೂ ಒಡೆಯರದೇ. ಗೇಣಿದಾರನ ಕಣ್ಣೆದುರು ಇದ್ದದ್ದು ಗೇಣಿ ಅಳೆಯುವ ಕೊಳಗ, ಅದರಲ್ಲೂ ಮೋಸ. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದು ಕೇಳಿದ್ದರಿಂದಲೇ 1951ರ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡಿತು. ಗೇಣಿದಾರರ ಹೆಸರು ಪಹಣಿಗೆ ಏರಿದ್ದು ಬಹುಮಟ್ಟಿಗೆ 1974ರ ಭೂ ಸುಧಾರಣಾ ತಿದ್ದುಪಡಿಯ ಮೇಲೆ. ಗದ್ದೆ ಮಾಡಿದವನ ಪಾಡೇ ಹೀಗಿದ್ದರೆ, ಗದ್ದೆಯಾಚೆ ಕಾಡಂಚಿನಲ್ಲಿ ಒಂದಿಷ್ಟು ಹಕ್ಕಲು ಹಸನು ಮಾಡಿಕೊಂಡು, ಸೀಗೆ, ಅಂಟುವಾಳ, ಉಪ್ಪಾಗೆ ಕೊಯ್ದು ಮಾರಿ ಬದುಕಿದವನಿಗೆ 1930ರ ಕಾಗದ ಕೊಟ್ಟವರು ಯಾರು?

ನಿಯಮಾವಳಿ ಬರೆದವರಿಗೆ ಈ ಕಷ್ಟ ಗೊತ್ತಿತ್ತು. ಸರ್ಕಾರಿ ದಾಖಲೆಗಳ ಜೊತೆಗೆ ಮನೆ, ಬಾವಿ, ಸ್ಮಶಾನ, ದೇವರ ಬನ, ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಇವೆಲ್ಲವೂ ಪುರಾವೆ ಎಂದು 13ನೆಯ ನಿಯಮ ಹೇಳುತ್ತದೆ. ಇಂಥದೇ ದಾಖಲೆ ಬೇಕೆಂದು ಅರ್ಜಿ ಪರಿಶೀಲಿಸುವ ಸಮಿತಿಗಳು ಹಟ ಹಿಡಿಯಕೂಡದೆಂದು 2012ರ ತಿದ್ದುಪಡಿ ಇನ್ನೂ ಸ್ಪಷ್ಟಪಡಿಸಿತು. ಆದರೆ ಸ್ಥಳ ಮಹಜರು ನಡೆಯುವ ಬಗೆ ಬೇರೆ. ಹೊಸನಗರ ತಾಲ್ಲೂಕಿನ ಒಂದು ಮಜರೆಯಲ್ಲಿ ನಾನು ಕಂಡದ್ದು ಹೀಗೆ. ವಯಸ್ಸಾದ ಹೆಂಗಸೊಬ್ಬರು ಬಂದವರನ್ನು ಮೊದಲು ಕರೆದುಕೊಂಡು ಹೋದದ್ದು ಬಾವಿಯ ಹತ್ತಿರ. ಜಂಬಿಟ್ಟಿಗೆಯ ಕಟ್ಟೆ, ಹಗ್ಗ ಉಜ್ಜಿ ಉಜ್ಜಿ ಅಂಚಿನ ಕಲ್ಲಿನಲ್ಲಿ ಬೆರಳು ಹೂತುಹೋಗುವಷ್ಟು ಗೀರು ಬಿದ್ದಿತ್ತು. ಅಲ್ಲಿಂದ ಚೌಡಿಯ ಕಲ್ಲು, ಆಮೇಲೆ ಅತ್ತೆ ಮಾವನನ್ನು ಮಣ್ಣು ಮಾಡಿದ ಜಾಗ. ಜಿಪಿಎಸ್ ಹಿಡಿದು ಬಂದಿದ್ದ ಹುಡುಗ ಜಮೀನಿನ ಮೂಲೆಗಳನ್ನು ಗುರುತು ಮಾಡಿಕೊಂಡ. ಬಾವಿಯನ್ನು ಯಾರೂ ಬರೆದುಕೊಳ್ಳಲಿಲ್ಲ. ಮುಂದೆ ಬಂದ ಹಿಂಬರಹದಲ್ಲಿ ಇದ್ದದ್ದು ಒಂದೇ ಸಾಲು: 75 ವರ್ಷದ ದಾಖಲೆ ಹಾಜರುಪಡಿಸಿಲ್ಲ.

ಇನ್ನು ಹಿರಿಯರ ಹೇಳಿಕೆ. 1930ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ಬದುಕಿದ್ದರೆ ನೂರು ದಾಟಿರಬೇಕು. ಕಾಯ್ದೆ ಜಾರಿಗೆ ಬಂದ 2008ರ ಹೊತ್ತಿಗೆ ಅಂಥವರು ಊರಿಗೆ ಒಬ್ಬಿಬ್ಬರಾದರೂ ಇದ್ದರು. ಅರ್ಜಿಗಳು ಮೇಜಿನಿಂದ ಮೇಜಿಗೆ ಹೋಗುತ್ತಿದ್ದಾಗ ಅವರು ಒಬ್ಬೊಬ್ಬರಾಗಿ ತೀರಿಕೊಂಡರು. ಸರ್ಕಾರ ತಡಮಾಡಿದ್ದಕ್ಕೆ ಸಾಕ್ಷಿ ಇಲ್ಲದಂತಾಯಿತು. ಸಾಕ್ಷಿ ಇಲ್ಲ ಎಂದು ಅರ್ಜಿ ಬಿದ್ದುಹೋಯಿತು.

ಕಚೇರಿಗಳು ಮಾಡುವ ಇನ್ನೊಂದು ಅನ್ಯಾಯವಿದೆ. ಕಾಯ್ದೆ ಕೇಳುವುದು ಮೂರು ತಲೆಮಾರಿನ ವಾಸವನ್ನು, ಅರಣ್ಯದ ಅವಲಂಬನೆಯನ್ನು. ಅದೇ ಸರ್ವೆ ನಂಬರನ್ನು 75 ವರ್ಷ ಉತ್ತಿರಬೇಕೆಂದು ಅದು ಎಲ್ಲೂ ಹೇಳಿಲ್ಲ. ಕೆಳಹಂತದಲ್ಲಿ ಅರ್ಥವಾದದ್ದು ಮಾತ್ರ ಹಾಗೆಯೇ. ಇಷ್ಟು ವರ್ಷ ತಪ್ಪಾಗಿಯೇ ಓದಿಕೊಂಡು ಬಂದ ನಿಯಮವನ್ನು ಸುತ್ತೋಲೆಯಿಂದ ಸರಿಪಡಿಸಬಹುದೆಂಬ ನಂಬಿಕೆ ನನಗೆ ಉಳಿದಿಲ್ಲ.

ಈಗ ಮುಳುಗಡೆಯ ಮಾತು. ವಿದ್ಯುತ್ತಿಗಾಗಿ ಶರಾವತಿ ನದಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅದಕ್ಕೂ ಮುಂಚೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಒಂದಿಷ್ಟು ಊರುಗಳನ್ನು ನುಂಗಿತ್ತು. ಆ ಅಣೆಕಟ್ಟನ್ನೇ ಲಿಂಗನಮಕ್ಕಿ ನುಂಗಿತು. ಜಲಾಶಯ ಬತ್ತಿದ ಬೇಸಿಗೆಗಳಲ್ಲಿ ಅದು ಇಂದಿಗೂ ಎದ್ದು ಕಾಣುತ್ತದೆ. ಒಕ್ಕಲೆದ್ದ ಕುಟುಂಬಗಳನ್ನು ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗ ತಾಲ್ಲೂಕುಗಳ ಕಾಡಿನ ನಡುವೆ ಲಾರಿಯಲ್ಲಿ ತಂದು ಇಳಿಸಿದರು ಎಂದು ಹಿರಿಯರು ಈಗಲೂ ಹೇಳುತ್ತಾರೆ. ಇಳಿಸಿದ್ದು ಸರ್ಕಾರ, ಜಾಗ ತೋರಿಸಿದ್ದು ಸರ್ಕಾರ. ಆ ಜಾಗ ಅರಣ್ಯ ಇಲಾಖೆಯ ಪುಸ್ತಕದಲ್ಲಿ ಕಾಡಾಗಿಯೇ ಉಳಿಯಿತು. ರಾಜ್ಯ ಸರ್ಕಾರ ಕಾಡಿನ ಪಟ್ಟಿಯಿಂದ ಅದನ್ನು ಕೈಬಿಟ್ಟು ಹೊರಡಿಸಿದ್ದ ಅಧಿಸೂಚನೆಗಳು, ಕೇಂದ್ರದ ಒಪ್ಪಿಗೆ ಪಡೆದಿಲ್ಲವೆಂಬ ಕಾರಣಕ್ಕೆ, 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದವು. ಅರಣ್ಯ ಹಕ್ಕಿನ ಅರ್ಜಿ ಹಾಕಿದರೆ 1930ರಲ್ಲಿ ಇಲ್ಲಿದ್ದಿರಾ ಎಂಬ ಪ್ರಶ್ನೆ. ಇರಲಿಲ್ಲ, ಶರಾವತಿಯ ದಡದಲ್ಲಿದ್ದರು. ಅವರ ಬಾವಿ, ಬನ, ಸ್ಮಶಾನ ಸಮುದ್ರ ಮಟ್ಟದಿಂದ 1,819 ಅಡಿವರೆಗೆ ತುಂಬುವ ಜಲಾಶಯದ ನೀರಿನಡಿ ಇವೆ. ನಾಡಿಗೆ ಬೆಳಕು ಕೊಟ್ಟವರು ಎಂದು ಪ್ರತಿ ವೇದಿಕೆಯಲ್ಲೂ ಹೊಗಳಿಸಿಕೊಂಡ ಈ ಜನಕ್ಕೆ ಹಿನ್ನೀರು ದಾಟಲು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಿಕ್ಕಿದ್ದು 2025ರಲ್ಲಿ. ಪಹಣಿಗೆ ಇನ್ನೆಷ್ಟು ಕಾಯಬೇಕು?

ಕಾಡು ಹಾಳಾಗುತ್ತದೆ ಎಂಬ ಆತಂಕವನ್ನು ನಾನು ಹಗುರಾಗಿ ನೋಡುವುದಿಲ್ಲ. ಆದರೆ ಕಾಡಿನ ಯಜಮಾನಿಕೆ ನಡೆಸಿದವರ ಲೆಕ್ಕವೂ ಬರಲಿ. 1980ರಲ್ಲಿ ಇದೇ ಮಲೆನಾಡಿನ 20 ಸಾವಿರ ಹೆಕ್ಟೇರಿಗೂ ಹೆಚ್ಚು ಅರಣ್ಯ ಭೂಮಿಯನ್ನು ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯ ನೆಡುತೋಪಿಗೆ 40 ವರ್ಷದ ಗುತ್ತಿಗೆಗೆ ಕೊಡಲಾಯಿತು. ಅಕೇಶಿಯಾ, ನೀಲಗಿರಿ ಎದ್ದ ಕಡೆ ಹಕ್ಕಿ ಕೂರುವುದೂ ಕಷ್ಟ. ಕಾರ್ಖಾನೆಗೆ ಸಾವಿರಗಟ್ಟಲೆ ಹೆಕ್ಟೇರು ಕೊಡುವಾಗ ಯಾರೂ ಮೂರು ತಲೆಮಾರು ಕೇಳಲಿಲ್ಲ. ಎರಡು ಎಕರೆಯಲ್ಲಿ ಹೊಟ್ಟೆ ಹೊರೆಯುವವನ ಹತ್ತಿರ ಕೇಳುತ್ತಾರೆ.

25 ವರ್ಷಕ್ಕೆ ಇಳಿಸಿದ ಮಾತ್ರಕ್ಕೆ ನಿನ್ನೆ ಮೊನ್ನೆ ಬೇಲಿ ಹಾಕಿದವರು ಒಳಗೆ ಬರುವುದಿಲ್ಲ. 2005ರ ಡಿಸೆಂಬರ್ 13ರ ಗೆರೆ ಇದ್ದಲ್ಲೇ ಇರುತ್ತದೆ. ನಾಲ್ಕು ಹೆಕ್ಟೇರಿನ ಮಿತಿ ಇರುತ್ತದೆ. ಸಿಕ್ಕ ಹಕ್ಕು ಮಕ್ಕಳಿಗೆ ಹೋಗುತ್ತದೆಯೇ ಹೊರತು ಮಾರಲು ಬರುವುದಿಲ್ಲ. ಬದಲಾಗುವುದು ಇಷ್ಟೇ: ಒಂದೇ ಬಾವಿಯ ನೀರು ಸೇದುವ, ಪರಿಶಿಷ್ಟ ಪಂಗಡದ ಹಸಲರ ಮನೆಗೂ ಪಂಗಡಕ್ಕೆ ಸೇರದ ದೀವರ ಮನೆಗೂ ನಡುವೆ ಕಾಯ್ದೆ ಎಬ್ಬಿಸಿರುವ ಗೋಡೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ವಿರೋಧ: ಬಾಗಿಲು ಅಗಲವಾದರೆ ಮೊದಲು ನುಗ್ಗುವವರು ಯಾರು?

25 ವರ್ಷವೆಂದರೆ ಗೆರೆ 1980ರ ಡಿಸೆಂಬರಿಗೆ ಬಂದು ನಿಲ್ಲುತ್ತದೆ. ಅದಕ್ಕೆ ಎರಡು ತಿಂಗಳು ಮೊದಲು, ಅಕ್ಟೋಬರಿನಲ್ಲಿ, ಅರಣ್ಯ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿತ್ತು. 1980ರಲ್ಲಿ ಕಾಡಂಚಿನಲ್ಲಿ ಮನೆ ಇದ್ದವರು ಎಂದರೆ ಮಲೆನಾಡಿನ ಹಳ್ಳಿಗಳಲ್ಲಿ ಯಾರನ್ನು ಬಿಡುತ್ತೀರಿ? ಇನ್ನು ಭೂಮಿಯ ಸ್ವಾಧೀನಕ್ಕೆ ಬೇಕಾದ ದಿನಾಂಕ 2005. ಎರಡನ್ನೂ ಕೂಡಿಸಿ ನೋಡಿ. ಕಾಡನ್ನು ನೆಚ್ಚಿದವನೆಂದು ಒಂದು ಹೇಳಿಕೆ ಬರೆಸಿಕೊಂಡರೆ, 1990ರ ದಶಕದ ಕೊನೆಯಲ್ಲಿ ಅಡಿಕೆ ಧಾರಣೆ ಏರಿದಾಗ ಸವರಿದ ಕಾಡೂ ಪಾರಂಪರಿಕ ಹಕ್ಕಾಗುತ್ತದೆ. ವಾಸಕ್ಕೆ 75 ವರ್ಷ, ಸಾಗುವಳಿಗೆ 2005 ಎಂಬುದನ್ನು ಕಚೇರಿಗಳು ತಪ್ಪಾಗಿ ಓದುತ್ತಿವೆ ಎನ್ನುವುದು ನಿಜ. ಆದರೆ ಸರಿಯಾಗಿ ಓದಿದ ದಿನ ಈ 75 ವರ್ಷವೊಂದೇ ತಡೆಯಾಗಿ ಉಳಿಯುವುದು.

ನಾನೂ ಅಡಿಕೆ ಬೆಳೆಯುವವನು. ತೋಟ ಎಲ್ಲಿಗೆ ಬೆಳೆಯುತ್ತದೆ ಎಂಬುದು ನನಗೆ ಗೊತ್ತು. ಅದು ಗುಡ್ಡದ ನೆತ್ತಿಗೆ ಹತ್ತುವುದಿಲ್ಲ. ನೀರಿರುವ ಕಣಿವೆಯ ತಳಕ್ಕೆ, ಹಳ್ಳದ ಹುಟ್ಟಿಗೆ ಇಳಿಯುತ್ತದೆ. ಶರಾವತಿ ಕೊಳ್ಳದ ರಾಂಪತ್ರೆ ಜಡ್ಡಿಗಳು, ಅಂದರೆ ರಾಂಪತ್ರೆ ಮರಗಳ ಜೌಗು ಕಾಡುಗಳು, ಇರುವುದೂ ಅಲ್ಲಿಯೇ. ಅಂಥ ಜಡ್ಡಿಯೊಳಗೆ ಕಾಲಿಟ್ಟವರಿಗೆ ಗೊತ್ತು: ಕರಿಯ ಕೆಸರಿನಿಂದ ಮೊಣಕಾಲು ಮಡಿಸಿದಂತೆ ಎದ್ದ ಬೇರುಗಳು, ಬೇರಿನ ನಡುವೆ ನಡುಬೇಸಿಗೆಯಲ್ಲೂ ತಣ್ಣಗೆ ಹರಿಯುವ ನೀರು. ಹಿಂದಿನ ಕಾಲದಲ್ಲಿ ಇಂಥ ಎಷ್ಟೋ ಜಡ್ಡಿಗಳು ಗದ್ದೆ, ತೋಟಗಳಾಗಿ ಹೋದವು. ನಮ್ಮ ಹಿರಿಯರೇ ಮಾಡಿದ ಕೆಲಸ. ಅಳಿದುಳಿದದ್ದು ತುಂಡು ತುಂಡು. ಒಂದು ಜಡ್ಡಿಯ ಬಾಯಿಗೆ ಎರಡು ಎಕರೆ ತೋಟ ಬಿದ್ದರೆ ಸಾಕು, ಕಾಲುವೆ ತೋಡಿ ನೀರು ಬಸಿಯುತ್ತಾರೆ, ಮೇಲಿನ ಜಡ್ಡಿ ಒಣಗುತ್ತದೆ. ನಾಲ್ಕು ಹೆಕ್ಟೇರಿನ ಮಿತಿ ಇದೆಯಲ್ಲ ಎಂದು ಸಮಾಧಾನ ಹೇಳುವವರು ಈ ನೆಲದ ಮೇಲೆ ನಡೆದು ನೋಡಬೇಕು.

ಸಿಂಗಳೀಕ ಬದುಕುವುದೂ ಇದೇ ಕೊಳ್ಳದ ಮರದ ತುದಿಗಳಲ್ಲಿ. 2019ರಲ್ಲಿ ಶರಾವತಿ ಅಭಯಾರಣ್ಯಕ್ಕೆ ಅದರ ಹೆಸರನ್ನೇ ಸೇರಿಸಿದರು. ನಡುವೆ ಸಣ್ಣ ಸಣ್ಣ ಬಯಲು ಬಿದ್ದರೆ ಅದರ ದಾರಿ ಕಡಿದುಹೋಗುತ್ತದೆ. ಮನುಷ್ಯರಿಗೂ ಇದರ ಪೆಟ್ಟು ತಟ್ಟಿದೆ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಕಾಡು ಸವರಿ ದನ ಬಿಟ್ಟ ಅಂಚುಗಳಲ್ಲಿ ಆ ಕಾಯಿಲೆ ಹರಡುವ ಉಣುಗು ಹೆಚ್ಚಿದ್ದನ್ನು ಅಂದಿನ ಸಂಶೋಧಕರೇ ಗುರುತಿಸಿದ್ದರು. 2019ರ ಸುಮಾರಿಗೆ ಸಾಗರದ ಅರಳಗೋಡಿನಲ್ಲಿ ಆ ಕಾಯಿಲೆ ಜೀವಗಳನ್ನು ತೆಗೆದುಕೊಂಡಿತು. ಸತ್ತವರು ದರಕು, ಸೊಪ್ಪು, ಸೌದೆ ಎಂದು ಕಾಡಿಗೆ ಹೋಗುವ ಮನೆಗಳವರು.

ನನಗೆ ಇದಕ್ಕಿಂತ ಹೆಚ್ಚು ಸಂಕಟವಾಗುವುದು ಹಸಲರ ಕೇರಿಯನ್ನು ನೆನೆದಾಗ. ಕಾಯ್ದೆಯ ಮೊದಲ ವಾರಸುದಾರರು ಅವರು. 75 ವರ್ಷದ ತೊಡಕು ಅವರಿಗೆ ಇಲ್ಲವೇ ಇಲ್ಲ. ಆದರೂ ತುಂಬಾ ಮನೆಗಳು ಇಂದಿಗೂ ಇನ್ನೊಬ್ಬರ ತೋಟದಲ್ಲಿ ಅಡಿಕೆ ಕೊನೆಕೊಯ್ಲಿನ ಕೂಲಿಗೆ ಹೋಗುತ್ತವೆ. ಅರ್ಜಿ ತುಂಬಲು ಬರುವುದಿಲ್ಲ, ಉಪವಿಭಾಗಾಧಿಕಾರಿಯ ಕಚೇರಿಗೆ ಒಂದು ದಿನ ಹೋದರೆ ಆ ದಿನದ ಕೂಲಿ ಇಲ್ಲ. ಸಾಲಿಗೆ ಊರಿನ ಬಲಾಢ್ಯರೆಲ್ಲ ಸೇರಿಕೊಂಡರೆ ಇವರ ಕಡತ ಯಾರಿಗೆ ಕಾಣುತ್ತದೆ? ಅರಣ್ಯ ಹಕ್ಕು ಸಮಿತಿಯ ಸಭೆಯಲ್ಲಿ ಯಾರ ದನಿ ಜೋರಾಗಿ ಕೇಳುತ್ತದೆ ಎಂಬುದನ್ನು ಮಲೆನಾಡಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮುಳುಗಡೆಯವರಿಗೆ ಆದದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ದಾರಿ ಬೇರೆ, ಮತ್ತು ಹೆಚ್ಚು ಗಟ್ಟಿಯಾದದ್ದು. ಪುನರ್ವಸತಿ ಸಿಗದೆ ಅರಣ್ಯ ಭೂಮಿಯಿಂದ ಒಕ್ಕಲೆದ್ದ ಅರಣ್ಯವಾಸಿಗಳಿಗೆ ಬದಲಿ ಭೂಮಿಯ ಮಾತು ಇದೇ ಕಾಯ್ದೆಯ 3(1)(ಎಂ) ಕಲಮಿನಲ್ಲಿದೆ. ಅದೂ ಸಾಲದಿದ್ದರೆ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಅನುಮತಿ ಪಡೆದು ಆ ಜಾಗವನ್ನು ಶಾಶ್ವತವಾಗಿ ಬಿಡಿಸಿಕೊಡಬೇಕು. ಆಗ ಸಿಗುವುದು ಮಾರಲು ಬಾರದ ಹಕ್ಕುಪತ್ರವಲ್ಲ, ಪೂರ್ಣ ಪಹಣಿ. 2021ರಲ್ಲಿ ಹೈಕೋರ್ಟಿನ ಪೆಟ್ಟು ಬಿದ್ದದ್ದು ಆ ಅನುಮತಿಯನ್ನು ಬದಿಗಿಟ್ಟು ಅಡ್ಡದಾರಿ ಹಿಡಿದದ್ದಕ್ಕೆ. ಸರ್ಕಾರವೇ ಒಯ್ದು ಕೂರಿಸಿದ ಜನರನ್ನು ಪಾರಂಪರಿಕ ಅರಣ್ಯವಾಸಿ ಎಂದು ಸಾಬೀತು ಮಾಡಿಕೊಳ್ಳಿ ಎಂದು ನಿಲ್ಲಿಸುವುದೇ ಅವಮಾನ. ಅವರು ಸಾಲಗಾರರಲ್ಲ, ಸಾಲ ಕೊಟ್ಟವರು. ಅವರ ಕಣ್ಣೀರನ್ನು ಮುಂದಿಟ್ಟು ಇಡೀ ದೇಶದ ಕಾಯ್ದೆಯನ್ನು ಸಡಿಲಿಸಲು ಹೊರಟವರಲ್ಲಿ ಎಲ್ಲರ ಮನಸ್ಸೂ ಮುಳುಗಡೆಯವರ ಮೇಲಿಲ್ಲ.

ಅಕೇಶಿಯಾ ನೆಡುತೋಪು ತಪ್ಪು. ಆ ಭೂಮಿ ಮತ್ತೆ ನಾಡಜಾತಿಯ ಕಾಡಾಗಬೇಕು, ಅದರ ಮೇಲ್ವಿಚಾರಣೆ ಹಳ್ಳಿಗಳ ಗ್ರಾಮಸಭೆಗೆ ಸಿಗಬೇಕು. ಸಾಮುದಾಯಿಕ ಅರಣ್ಯ ಸಂಪನ್ಮೂಲದ ಹಕ್ಕನ್ನು ಕಾಯ್ದೆ ಕೊಟ್ಟಿರುವುದು ಅದಕ್ಕೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಾಮುದಾಯಿಕ ಹಕ್ಕು ಪಡೆದುಕೊಂಡರು. ಶಿವಮೊಗ್ಗದ ಚಳವಳಿ ಮಾತ್ರ ವೈಯಕ್ತಿಕ ಪತ್ರದ ಸುತ್ತಲೇ ಸುತ್ತುತ್ತಿದೆ. ಕಾರ್ಖಾನೆ ಕಾಡನ್ನು ಹಾಳುಮಾಡಿತು, ಆದ್ದರಿಂದ ನಮಗೂ ಒಂದಿಷ್ಟು ಕೊಡಿ ಎಂಬ ವಾದದಲ್ಲಿ ಕಾಡಿನ ಪರವಾಗಿ ಮಾತಾಡುವವರು ಯಾರೂ ಇಲ್ಲ.

ಅರ್ಜಿಗಳು ಬಿದ್ದುಹೋದ ಬಗೆ ನ್ಯಾಯವಲ್ಲ. ಅದಕ್ಕೆ ಮದ್ದು ನಿಯಮ ಪಾಲಿಸುವುದರಲ್ಲಿದೆ. ಬಾವಿಯನ್ನು ಬರೆದುಕೊಳ್ಳಲಿ, ಬನವನ್ನು ಬರೆದುಕೊಳ್ಳಲಿ, ತಂದೆ ತಾಯಿಯಿಂದ ಕೇಳಿದ್ದನ್ನು ಹೇಳಬಲ್ಲ ಎಂಬತ್ತು ದಾಟಿದವರ ಮಾತನ್ನು ಗ್ರಾಮಸಭೆಯ ಎದುರು ದಾಖಲಿಸಲಿ. ತಿರಸ್ಕರಿಸಿದ ಪ್ರತಿ ಅರ್ಜಿಗೂ ಕಾರಣವನ್ನು ಬರಹದಲ್ಲಿ ಕೊಟ್ಟು, ಕಡತವನ್ನು ಮರಳಿ ಗ್ರಾಮಸಭೆಗೆ ತರಲಿ. ಇದಕ್ಕೆ ಸಂಸತ್ತಿನ ತಿದ್ದುಪಡಿ ಬೇಡ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಮಿತಿ ಮುಂದಿನ ಸಭೆಯಲ್ಲೇ ಶುರುಮಾಡಬಹುದು, ಹಸಲರ ಕೇರಿಗಳ ಅರ್ಜಿಗಳನ್ನು ಮೊದಲು ಕೈಗೆತ್ತಿಕೊಂಡು.