ಕಾಲ್ ಎಣಿಸುವುದು ಬೈಟ್, ಅಕ್ಷರವಲ್ಲ

ವಿಮ್ (Vim) ಎಂಬ ಪಠ್ಯ ಸಂಪಾದಕದ ಸ್ಕ್ರಿಪ್ಟ್ ಭಾಷೆಯ ಕರ್ಸರ್ ಫಂಕ್ಷನ್‌ಗಳನ್ನು ಕನ್ನಡದಲ್ಲಿ ವಿವರಿಸಿದ ಲೇಖಕರಿಗೆ ಮನಃಪೂರ್ವಕ ವಂದನೆಗಳು. ಒಂದು ಸಾಲನ್ನು ಮಾತ್ರ ದಯವಿಟ್ಟು ತಿದ್ದಿ. ‘ಕಾಲ್’ (col) ಫಂಕ್ಷನ್ ಕರ್ಸರ್ ಎಷ್ಟನೆಯ ಅಕ್ಷರದ ಮೇಲಿದೆ ಎಂದು ಹೇಳುತ್ತದೆ ಎಂದಿದ್ದೀರಿ. ಅದು ಎಣಿಸುವುದು ಬೈಟ್‌ಗಳನ್ನು, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಉಳಿಸಿಡುವ ಘಟಕಗಳನ್ನು. ಇಂಗ್ಲಿಷ್ ಪಠ್ಯದಲ್ಲಿ ಎರಡೂ ಒಂದೇ ಆಗುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಕನ್ನಡದಲ್ಲಿ ತಕ್ಷಣ ಬೀಳುತ್ತದೆ. ಸಾಲಿನ ಆರಂಭದಲ್ಲಿ ‘ಮರದ’ ಎಂದು ಬರೆದು ಕರ್ಸರನ್ನು ‘ದ’ ಮೇಲಿಡಿ: ಕಾಲ್ 7 ಎನ್ನುತ್ತದೆ, ಏಕೆಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಮ, ರ ಎರಡೂ ಮೂರು ಮೂರು ಬೈಟ್. ಅದೇ ಜಾಗದಲ್ಲಿ ಅಕ್ಷರ ಎಣಿಸುವ ‘ಚಾರ್‌ಕಾಲ್’ (charcol) 3 ಎನ್ನುತ್ತದೆ. ಕನ್ನಡ ಪಠ್ಯ ತಿದ್ದಲು ಒಂದು ಸಣ್ಣ ಸ್ಕ್ರಿಪ್ಟ್ ಬರೆದಾಗ ಇದು ತಿಳಿಯದೆ ಇಡೀ ಸಂಜೆ ಕಳೆದಿದ್ದೇನೆ. ಕರ್ಸರ್ ಪ್ರತಿ ಸಲವೂ ತಪ್ಪು ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. ಕನ್ನಡದ ಓದುಗರಿಗೆ ಇದನ್ನು ಮೊದಲ ಸಾಲಿನಲ್ಲೇ ಹೇಳಬೇಕು.

ಟ್ಯಾಬ್ ಇರುವ ಸಾಲಿಗೆ ಬೇಕಾದದ್ದು ‘ವರ್ಟ್‌ಕಾಲ್’ (virtcol). ಅದು ಪರದೆಯ ಕಾಲಮ್ ಕೊಡುತ್ತದೆ.

ಇನ್ನೊಂದು ಮಾತು. ಕರ್ಸರಿನ ಜಾಗ ಉಳಿಸಿಕೊಳ್ಳಲು ನೀವು ‘ಗೆಟ್‌ಪಾಸ್’ (getpos) ಸೂಚಿಸಿದ್ದೀರಿ. ‘ಗೆಟ್‌ಕರ್‌ಪಾಸ್’ (getcurpos) ಮೇಲು. ಗೆಟ್‌ಪಾಸ್ ಕೊಡುವುದು ನಾಲ್ಕು ಸಂಖ್ಯೆ: ಬಫರ್, ಸಾಲು, ಕಾಲಮ್, ಆಫ್‌ಸೆಟ್. ಗೆಟ್‌ಕರ್‌ಪಾಸ್ ಐದನೆಯದನ್ನೂ ಕೊಡುತ್ತದೆ, ಅಂದರೆ ಮೇಲೆ ಕೆಳಗೆ ಚಲಿಸುವಾಗ ಕರ್ಸರ್ ಮರಳಿ ಹಿಡಿಯಬಯಸುವ ಕಾಲಮ್. ಆ ಪಟ್ಟಿಯನ್ನು ಹಾಗೆಯೇ ಕರ್ಸರನ್ನು ಜಾಗಕ್ಕಿಡುವ ‘ಸೆಟ್‌ಪಾಸ್’ಗೆ (setpos) ಕೊಟ್ಟರೆ, ಗಿಡ್ಡ ಸಾಲೊಂದನ್ನು ದಾಟಿದ ಮೇಲೂ ಕರ್ಸರ್ ಹಳೆಯ ಕಾಲಮ್ಮಿಗೇ ಬರುತ್ತದೆ.