ಲಾರಿ ಮೇಲೆ ತಪ್ಪು ಹೊರಿಸೋ ಮಹನೀಯರಿಗೆ

ಬೆಳಿಗ್ಗೆ ಯಾರೋ ಪುಣ್ಯಾತ್ಮರು ಆ ನಾರ್ವೆ ವೀಡಿಯೋ ಮತ್ತೆ ಶೇರ್ ಮಾಡಿದಾರೆ. ಅದೇ, ಹೆಲಿಕಾಪ್ಟರೇ ಇಲ್ದೆ ರೋಟರ್ (ತಲೆ ಮೇಲೆ ತಿರುಗೋ ರೆಕ್ಕೆಗಳು) ಒಂದೇ ಆಕಾಶದಲ್ಲಿ ತಿರುಗ್ತಾ ಬರೋದು. 2016ರ ಏಪ್ರಿಲ್ 29, ಬರ್ಗನ್ ಹತ್ರದ ತುರೊಯ್, ಏರ್‌ಬಸ್ ಇಸಿ 225 ಅನ್ನೋ ಹೆಲಿಕಾಪ್ಟರ್ ಬಿತ್ತು, 13 ಜನ, ಒಬ್ರೂ ಉಳೀಲಿಲ್ಲ. ಕೆಳಗೆ ಕಾಮೆಂಟಲ್ಲಿ ನೋಡಿದ್ರೆ ಎಲ್ರೂ ಎಕ್ಸ್‌ಪರ್ಟ್‌ಗಳೇ, 'ಮೇಂಟೆನೆನ್ಸ್ ಸರಿ ಮಾಡಿಲ್ಲ' ಅಂತೆ, 'ಗೇರ್‌ಬಾಕ್ಸ್ ಸಾಗಿಸ್ತಿದ್ದ ಲಾರಿಗೆ ಅಪಘಾತ ಆಗಿತ್ತು, ಅದ್ರಿಂದಲೇ' ಅಂತೆ. ಗೇರ್ ಇನ್‌ಸ್ಪೆಕ್ಷನ್ನಲ್ಲೇ ಕಣ್ಣು ಹಾಳು ಮಾಡ್ಕೊಂಡೋನು ನಾನು, ಗೊತ್ತಲ್ಲ ನಿಮಗೆ, ಸುಮ್ನಿರೋಕಾಗ್ಲಿಲ್ಲ.

ಸ್ವಾಮೀ, ಹಾರಿಸ್ತಿದ್ದ ಕಂಪನಿಯ ಮೇಂಟೆನೆನ್ಸಲ್ಲಿ ತಪ್ಪು ಸಿಗ್ಲಿಲ್ಲ ಅಂತ 2018ರ ತನಿಖಾ ವರದೀಲೇ ಇದೆ. ಎಂಜಿನ್ ಶಕ್ತೀನ ರೋಟರ್‌ಗೆ ಮುಟ್ಸೋ ಮೇನ್ ಗೇರ್‌ಬಾಕ್ಸ್ ಒಳಗಿನ ಎರಡನೇ ಸ್ಟೇಜಿನ ಒಂದು ಪ್ಲಾನೆಟ್ ಗೇರಲ್ಲಿ (ನಡುವಿನ ಗೇರ್ ಸುತ್ತ ಗ್ರಹದ ತರ ಸುತ್ತೋ ಚಿಕ್ಕ ಗೇರು) ಫೆಟೀಗ್ ಕ್ರ್ಯಾಕ್, ಅಂದ್ರೆ ಮತ್ತೆ ಮತ್ತೆ ಒತ್ತಡ ಬಿದ್ದು ಬರೋ ಬಿರುಕು. ಬೇರಿಂಗ್ ಓಡೋ ಮೈಮೇಲೆ ಒಂದು ಸಣ್ಣ ಗುಳಿಯಿಂದ ಶುರುವಾಗಿ, ಹೊರಗೆ ಹೆಚ್ಚು ಕುರುಹು ಬಿಡ್ದೆ ಲೋಹದ ಒಳಗೊಳಗೇ ಬೆಳೆದಿದೆ, ಕೊನೆಗೆ ಗೇರ್ ಮುರಿದು ರೋಟರೇ ಕಳಚ್ಕೊಂಡಿದೆ. ಅದನ್ನ ಹಿಡಿಯೋಕೆ ಇದ್ದಿದ್ದೇನು? ಲೋಹದ ಚೂರು ಉದುರಿ ಆಯಿಲ್‌ಗೆ ಬಂದ್ರೆ ಅಂಟಿಸ್ಕೊಳ್ಳೋ ಮ್ಯಾಗ್ನೆಟ್, ಅಂದ್ರೆ ಚಿಪ್ ಡಿಟೆಕ್ಟರ್. ಉದುರೋ ಚೂರೇ ತೀರಾ ಕಮ್ಮಿ ಇದ್ರೆ ಮ್ಯಾಗ್ನೆಟ್ ಏನು ಮಾಡುತ್ತೆ, ಜೋತಿಷ್ಯ ಹೇಳುತ್ತಾ? ವೈಬ್ರೇಷನ್ ಮಾನಿಟರೂ ತೆಪ್ಪಗಿತ್ತು.

ಇದು ಮೊದಲನೇ ಸಲವೂ ಅಲ್ಲ. 2009ರ ಏಪ್ರಿಲ್ 1ಕ್ಕೆ ಸ್ಕಾಟ್ಲೆಂಡಿನ ಪೀಟರ್‌ಹೆಡ್ ಹತ್ರ ಇದೇ ಮನೆತನದ ಎಎಸ್ 332 ಎಲ್2 ಸಮುದ್ರಕ್ಕೆ ಬಿತ್ತು, 16 ಜನ ಸತ್ರು, ಅಲ್ಲೂ ಎರಡನೇ ಸ್ಟೇಜಿನ ಪ್ಲಾನೆಟ್ ಗೇರೇ. ಆಮೇಲೆ ಏನ್ ಮಾಡಿದ್ರು? ಚಿಪ್ ಚೆಕ್ಕಿಂಗ್ ಬಿಗಿ ಮಾಡಿದ್ರು. ಚೂರು ಉದುರೇ ಉದುರುತ್ತೆ ಅನ್ನೋ ನಂಬಿಕೆ ಮಾತ್ರ ಅಲುಗಾಡ್ಲಿಲ್ಲ.

ನನಗೆ ಉರಿಯೋದು ಇದೂ ಅಲ್ಲ. ಆ ಗೇರ್‌ಗಳು ನಿಗದಿ ಮಾಡಿದ ಆಯಸ್ಸು ಮುಟ್ತಿದ್ದಿದ್ದೇ ಅಪರೂಪ ಅಂತ ಅದೇ 2018ರ ವರದಿ ಹೇಳುತ್ತೆ, ಓವರ್‌ಹಾಲಲ್ಲಿ ಬಿಚ್ಚಿದಾಗ ಮೊದ್ಲೇ ರಿಜೆಕ್ಟ್ ಆಗ್ತಿದ್ವು. ಆ ರಿಜೆಕ್ಟ್ ಪೀಸ್‌ಗಳನ್ನ ಕೊಯ್ದು ಯಾಕೆ ಹಿಂಗಾಯ್ತು ಅಂತ ವಾಡಿಕೆಯಾಗಿ ಯಾರೂ ನೋಡ್ತಿರ್ಲಿಲ್ಲ! ರೂಲ್ ಕೇಳ್ತಿದ್ದಿದ್ದು ಕೆಟ್ಟ ಪಾರ್ಟ್ ತೆಗೆದ್ಯಾ ಅಂತ, ತೆಗೆದ್ರು, ಮುಗೀತು. ನಾನು ಕೆಲಸ ಮಾಡಿದ ಕಡೆಯೂ ಇದೇ ಕಥೆ, ರಿಜೆಕ್ಟಾದ ಪೀಸ್ ಲ್ಯಾಬಿಗೆ ಕಳ್ಸೋಣ ಅಂದ್ರೆ 'ಸಾರ್, ಟ್ಯಾಗ್ ಹಾಕಿ ಸ್ಕ್ರ್ಯಾಪಿಗೆ ಬಿಡಿ, ಡೆಲಿವರಿ ಇದೆ' ಅನ್ನೋರು, ನಾನು ಕಿರುಚಾಡೋನು, ಮನೆಗೆ ಬಂದ್ರೆ ಬಿಪಿ.

ಈಗ ಲಾರಿ ವಿಚಾರ. ಹೌದು, ಆ ಗೇರ್‌ಬಾಕ್ಸ್ 2015ರಲ್ಲಿ ಆಸ್ಟ್ರೇಲಿಯಾದಲ್ಲಿ ಸಾಗಿಸೋವಾಗ ರಸ್ತೆ ಅಪಘಾತಕ್ಕೆ ಸಿಕ್ಕಿತ್ತು, ತಯಾರಕರೇ ರಿಪೇರಿ ಮಾಡಿ ವಾಪಸ್ ಕೊಟ್ಟಿದ್ರು. ಬಿರುಕು ಅದರಿಂದಲೇ ಬಂತು ಅಂತ ತನಿಖೆಯವರಿಗೆ ತೋರಿಸೋಕಾಗ್ಲಿಲ್ಲ. ಸರಿ, ನಿಮ್ಮ ಮಾತೇ ಇರ್ಲಿ, 2009ರ ಗೇರ್ ಯಾವ ಲಾರಿಯಿಂದ ಬಿದ್ದಿತ್ತು?

ತುರೊಯ್ ಆದ್ಮೇಲೆ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಈಸಾದವರು 2016ರ ಜೂನಲ್ಲಿ ಈ ಹೆಲಿಕಾಪ್ಟರ್‌ಗಳ ಹಾರಾಟ ನಿಲ್ಸಿ ಅಕ್ಟೋಬರಲ್ಲೇ ಮತ್ತೆ ಹಾರೋಕೆ ಬಿಟ್ರು. ಎರಡು ತರದ ಗೇರ್ ಇದ್ದಿದ್ರಲ್ಲಿ ಹೆಚ್ಚು ಒತ್ತಡ ತಗೊಳ್ತಿದ್ದ ಒಂದನ್ನ ಕೈಬಿಟ್ರು, ಉಳಿದಿದ್ದರ ಆಯಸ್ಸು ಕಮ್ಮಿ ಮಾಡಿದ್ರು. ನಾರ್ವೆ, ಬ್ರಿಟನ್ 2017ರ ಜುಲೈವರೆಗೂ ಒಪ್ಪಲಿಲ್ಲ. ಭೇಷ್ ಅಂದೆ ನಾನು. 'ಇಷ್ಟೆಲ್ಲಾ ಕೊಯ್ದು ನೋಡ್ತಾ ಕೂತ್ರೆ ಹೆಲಿಕಾಪ್ಟರ್ ಯಾರಿಗೂ ಎಟುಕಲ್ಲ' ಅನ್ನೋ ಖರ್ಚಿನ ಪಂಡಿತರು ಕಾಮೆಂಟಲ್ಲಿ ಬರ್ತೀರ, ಗೊತ್ತು. ಹೆಂಗಿದ್ರೂ ಸ್ಕ್ರ್ಯಾಪಿಗೆ ಹೋಗೋ ಗೇರು ಸ್ವಾಮೀ, ಕೊಯ್ಯೋಕೆ ಎಷ್ಟು ಖರ್ಚು, ಲೆಕ್ಕ ತಗೊಂಡ್ ಬನ್ನಿ.